ಬಿಟ್ಟಿ ಮನೆಯ ಬಾಡಿಗೆ

ಬಾಡಿಗೆ ಕೊಟ್ಟುಕೊಂಡು ಇರುವವನಿಗೆ ಒಂದು ಸುಖವುಂಟು. ತಿಂಗಳ ಮೊದಲ ವಾರ ಹಣ ಎಣಿಸಿಬಿಟ್ಟರೆ ಉಳಿದ ಮೂರು ವಾರ ಮನೆ ಮಾಲೀಕನನ್ನು ಬಾಯಿತುಂಬ ಬೈದುಕೊಂಡಿರಬಹುದು. ನಲ್ಲಿ ಸೋರಿದರೆ ಬೈಯಬಹುದು, ನೀರೇ ಬರದೆ ಸೋರುವುದು ನಿಂತುಹೋದರೂ ಬೈಯಬಹುದು. "ತಿಂಗಳಾದ್ರೆ 12,000 ಎಣಿಸ್ಕೋತಾನೆ, ಮೆಟ್ಟಿಲಿಗೊಂದು ಬಲ್ಬು ಹಾಕ್ಸೋಕೆ ಕೈ ಬರಲ್ಲ" ಎಂದು ಪಕ್ಕದ ಮನೆಯವರ ಹತ್ತಿರ ಶುರುಮಾಡಿದರೆ ಅವರು ತಮ್ಮ ಮಾಲೀಕನ ಕಥೆ ತೆಗೆಯುತ್ತಾರೆ. ಅರ್ಧ ಗಂಟೆ ಹಾಯಾಗಿ ಕಳೆಯುತ್ತದೆ. ರಸೀದಿಯಲ್ಲಿ ಬರೆದಿರುವುದಿಲ್ಲ ಅಷ್ಟೆ, ಆ ಹಣದಲ್ಲಿ ಬೈಗುಳದ ಬಾಬ್ತೂ ಸೇರಿದೆ.

ನೆಂಟರ ಮನೆಯಲ್ಲಿ ಬಿಟ್ಟಿ ಇರುವವನಿಗೆ ಈ ಭಾಗ್ಯವಿಲ್ಲ. ಚಾವಣಿಯ ಗಾರೆ ಕಳಚಿ ತಲೆಯ ಮೇಲೆ ಬಿದ್ದರೆ ಅವನು ಮೊದಲು ಗಾರೆಯ ಕ್ಷಮೆ ಕೇಳಬೇಕು. ಆಮೇಲೆ ತಲೆ ಸವರಿಕೊಳ್ಳುತ್ತ, ಇದನ್ನು ಮನೆಯವರಿಗೆ ತಿಳಿಸುವುದೋ ಬೇಡವೋ, ತಿಳಿಸಿದರೆ ಅವರ ಕಿವಿಗೆ ಅದು ಸಮಾಚಾರವಾಗಿ ಕೇಳುತ್ತದೋ ದೂರಾಗಿ ಕೇಳುತ್ತದೋ ಎಂದು ಮಕ್ಕಳು ಮಲಗಿದ ಮೇಲೆ ಹೆಂಡತಿಯ ಜೊತೆ ಪಿಸುಗುಟ್ಟಬೇಕು.

ನಾನು ಈ ಜಾತಿಗೆ ಸೇರಿದವನು. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಸೋದರಮಾವನ ಮನೆ. ಮಾವ ಇರುವುದು ನ್ಯೂಜೆರ್ಸಿಯಲ್ಲಿ. ನಮ್ಮದೇನೂ ಸಣ್ಣ ಜಾತಿಯಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಬೆಂಗಳೂರಿನ ಬಸವನಗುಡಿ, ಧಾರವಾಡದ ಮಾಳಮಡ್ಡಿ, ಇಲ್ಲೆಲ್ಲ ಮಕ್ಕಳು ಹಾರಿಹೋದ ಮನೆಗಳಲ್ಲಿ ಅಕ್ಕನ ಮಗನೋ ಚಿಕ್ಕಪ್ಪನ ಅಳಿಯನೋ ಒಬ್ಬ ಇದ್ದೇ ಇರುತ್ತಾನೆ. ಅಮೆರಿಕದಲ್ಲಿ ಯಾರಾದರೂ ನಮ್ಮ ಮಾವನನ್ನು "ಮೈಸೂರು ಮನೇಲಿ ಈಗ ಯಾರಿದಾರೆ?" ಎಂದು ಕೇಳಿದರೆ ಅವರು ಕೊಡುವ ಉತ್ತರ ನನಗೆ ಗೊತ್ತು. "ಯಾರೂ ಇಲ್ಲ, ಅಕ್ಕನ ಮಗ ಇದಾನೆ."

ಶುರುವಾಗುವುದು ಬಹಳ ಚೆನ್ನಾಗಿ. "ಸುಮ್ನೆ ಬೀಗ ಹಾಕಿಡೋದ್ಯಾಕೆ, ಹೆಂಡ್ತಿ ಮಕ್ಕಳ್ನ ಕರ್ಕೊಂಡು ಬಂದು ನೀನೇ ಇದ್ಬಿಡೋ. ಬಾಡಿಗೆ ಗೀಡಿಗೆ ಅಂದ್ಯೋ, ನೋಡು, ನಂಗೆ ಕೋಪ ಬರತ್ತೆ." ಈ ಮಾತು ಬರುವುದು ಸಾಮಾನ್ಯವಾಗಿ ಯಾರದೋ ವೈಕುಂಠ ಸಮಾರಾಧನೆಯ ದಿನ, ವಡೆ ಪಾಯಸದ ಊಟವಾದ ಮೇಲೆ, ಎಲ್ಲರ ಮನಸ್ಸೂ ಮೆತ್ತಗಿರುವಾಗ. ಆ ಹೊತ್ತಿನಲ್ಲಿ ಬಚ್ಚಲಿನ ಗೀಸರು ಯಾರ ಬಾಬ್ತು ಎಂದು ಕೇಳುವ ಗಟ್ಟಿ ಗುಂಡಿಗೆ ಯಾರಿಗಿದೆ?

ಮಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಬೀಗ ಹಾಕಿದ ಮನೆ ಹಾಳಾಗುವಷ್ಟು ವೇಗವಾಗಿ ಜನ ಇರುವ ಮನೆ ಹಾಳಾಗುವುದಿಲ್ಲ. ನಲ್ಲಿ ತಿರುಗಿಸದೆ ಬಿಟ್ಟರೆ ವಾಷರು ಒಣಗಿ ಬಿರುಕು ಬಿಡುತ್ತದೆ. ಕಕ್ಕಸಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು, ಚರಂಡಿಯ ನಾತ ಒಳಗೆ ಬಾರದಂತೆ ತಡೆಯುವುದೇ ಆ ನೀರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದು ಆರಿಹೋಗಿ ನಾತವೂ ಜಿರಲೆಯೂ ಕೈಹಿಡಿದುಕೊಂಡು ಮೇಲೆ ಬರುತ್ತವೆ. ಸಂಪಿನ ಮೋಟಾರು ತಿಂಗಳುಗಟ್ಟಲೆ ತಿರುಗದಿದ್ದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗೆದ್ದಲಿಗೆ ಮನುಷ್ಯರ ಓಡಾಟವಿಲ್ಲದ ಕತ್ತಲ ಕೋಣೆಗಿಂತ ಪ್ರಿಯವಾದ ಜಾಗ ಇನ್ನೊಂದಿಲ್ಲ. ಹಾಗಾಗಿ ಮಾವನ ಮನೆಗೆ ಒಬ್ಬ ಅಕ್ಕನ ಮಗ ಬೇಕಾಗಿತ್ತು, ಅಕ್ಕನ ಮಗನಿಗೆ ಒಂದು ಮನೆ ಬೇಕಾಗಿತ್ತು.

ಮಾವನ ಲೆಕ್ಕದಲ್ಲಿ ಅವರು ನನಗೆ ಒಂದು ದೊಡ್ಡ ಬಾಡಿಗೆ ಉಳಿಸಿಕೊಡುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ನಾನು ಅವರಿಗೆ ಒಬ್ಬ ಕಾವಲುಗಾರನ ಸಂಬಳ ಉಳಿಸಿಕೊಡುತ್ತಿದ್ದೇನೆ. ಎರಡು ಲೆಕ್ಕವೂ ಸರಿಯೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯೊಂದಿದೆಯಲ್ಲ, ಇಲ್ಲಿ ಇಬ್ಬರೂ ತಾನೇ ಕೊಟ್ಟವನು ಎಂದುಕೊಂಡಿರುವುದರಿಂದ ಇಬ್ಬರೂ ಕೋಡಂಗಿಗಳೇ. ಈರಭದ್ರನ ಪಾತ್ರಕ್ಕೆ ಪ್ಲಂಬರು ಬರುತ್ತಾನೆ.

ಪ್ಲಂಬರು ಬಾಗಿಲಿಗೆ ಬಂದವನೇ ಕೇಳುವ ಮೊದಲ ಪ್ರಶ್ನೆ, "ಸ್ವಂತ ಮನೇನಾ ಸಾರ್, ಬಾಡಿಗೇನಾ?" ಇದು ಕುಶಲ ಪ್ರಶ್ನೆಯಲ್ಲ. ಸ್ವಂತದ್ದು ಎಂದರೆ ಗೋಡೆ ಒಡೆದು ಹೊಸ ಪೈಪು, ಹಿತ್ತಾಳೆ ನಲ್ಲಿ, ಎರಡು ದಿನದ ಕೆಲಸ. ಬಾಡಿಗೆ ಎಂದರೆ ಒಂದು ಸುತ್ತು ಟೆಫ್ಲಾನ್ ಟೇಪು, ಒಂದು ಚೂರು ಎಂ-ಸೀಲು, "ಸದ್ಯಕ್ಕೆ ನಡೀತದೆ ಸಾರ್." ನಾನು "ಮಾವಂದು" ಎಂದೆ. ಅವನ ಮುಖ ಅರಳಿತು. "ಹೆಣ್ಣು ಕೊಟ್ಟ ಮಾವನಾ? ಹಂಗಾರೆ ನಾಳೆ ನಿಮ್ಗೇ ಬರೋ ಮನೆ, ಗಟ್ಟಿಯಾಗೇ ಮಾಡ್ಸಿಬಿಡಿ." ಅಮ್ಮನ ತಮ್ಮ ಎಂದು ತಿದ್ದಿದೆ. ಅವನು ಚೀಲದಿಂದ ತೆಗೆದಿದ್ದ ಹಿತ್ತಾಳೆ ನಲ್ಲಿಯನ್ನು ಮತ್ತೆ ಒಳಗಿಟ್ಟು ಪ್ಲಾಸ್ಟಿಕ್ಕಿನದನ್ನು ತೆಗೆದ.

ವಾಷರಿನ ವಿಷಯದಲ್ಲಿ ಜಗಳವಿಲ್ಲ. ನಲ್ಲಿ, ಫ್ಲಶ್ಶಿನ ಒಳಗಿನ ತೇಲುವ ಗುಂಡು, ಬಾಗಿಲ ಚಿಲಕ, ಸ್ವಿಚ್ಚು, ಇಷ್ಟನ್ನು ಮರ್ಯಾದಸ್ಥನಾದ ಯಾವ ಬಿಟ್ಟಿ ವಾಸಿಯೂ ಕೇಳದೆಯೇ ಮಾಡಿಸುತ್ತಾನೆ. ತಕರಾರು ಶುರುವಾಗುವುದು ಮೋಟಾರಿನಿಂದ. ಅದು ಸುಟ್ಟರೆ ರೀವೈಂಡಿಂಗಿಗೆ ಒಂದೆರಡು ಸಾವಿರವಾದರೂ ಆಗುತ್ತದೆ. ಕೇಳಿದರೆ ಸಣ್ಣತನ, ಕೇಳದಿದ್ದರೆ ಕೈಸುಡುವಷ್ಟು. ಮೋಟಾರು ಮಾವನದು, ಆದರೆ ಅದನ್ನು ರಾತ್ರಿ ಆರಿಸದೆ ಮಲಗಿದವನು ನನ್ನ ಮಗ. ಮಗ ಮರೆತನೆಂಬುದು ನಿಜ, ಆದರೆ ಆ ಮೋಟಾರು ಬಂದದ್ದು ಅವನು ಹುಟ್ಟುವುದಕ್ಕೆ ಮುಂಚೆ. ಈ ವಾದ ಪ್ರತಿವಾದ ಎರಡನ್ನೂ ನಾನೊಬ್ಬನೇ ನನ್ನ ತಲೆಯೊಳಗೆ ನಡೆಸಿ, ಮಾವನ ಪರವಾಗಿ ತೀರ್ಪು ಕೊಟ್ಟು, ದುಡ್ಡನ್ನೂ ನಾನೇ ಕೊಟ್ಟೆ. ನ್ಯೂಜೆರ್ಸಿಗೆ ಇದರ ಸುಳಿವೇ ಇಲ್ಲ.

ಇದಕ್ಕೆಲ್ಲ ಒಂದು ಪಟ್ಟಿ ಇರಬೇಕಿತ್ತು ಎಂದು ನಿಮಗನ್ನಿಸಬಹುದು. ಇದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಹಿಂದುಗಡೆ ಒಂದು ಅನುಸೂಚಿ ಅಂಟಿಸಿದ್ದಾರೆ. ಅದು ಮಾದರಿ ಮಾತ್ರ, ಆಯಾ ರಾಜ್ಯ ತನ್ನದೇ ಕಾಯಿದೆ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಓದುವುದಕ್ಕೆ ಸೊಗಸಾಗಿದೆ. ಕಟ್ಟಡದ ಮೂಲ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು ಬದಲಾಯಿಸುವುದು, ವೈರಿಂಗು, ಇವು ಮಾಲೀಕನವು. ನಲ್ಲಿ, ವಾಷರು, ಚರಂಡಿ ಕಟ್ಟಿದರೆ ಬಿಡಿಸುವುದು, ಗೀಸರು, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಸೊಳ್ಳೆ ಜಾಲರಿ, ಕೈತೋಟ, ಇವು ಬಾಡಿಗೆದಾರನವು. ಬಾತ್‌ಟಬ್ಬಿನ ರಿಪೇರಿಯೂ ಬಾಡಿಗೆದಾರನದೇ ಎಂದು ಮರೆಯದೆ ಬರೆದಿದ್ದಾರೆ. ಸರಸ್ವತಿಪುರಂನ ಬಚ್ಚಲಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ ಇದೆ, ಅದನ್ನು ಹೂತ ಒಲೆ ಇದೆ, ಒಲೆಯ ಹೊಗೆಗೂಡು ಬಿರುಕು ಬಿಟ್ಟಿದೆ. ಹಂಡೆಯ ಬಗ್ಗೆ ದೆಹಲಿಯವರು ಚಕಾರ ಎತ್ತಿಲ್ಲ.

ಪಟ್ಟಿಯ ಪ್ರಕಾರ ನಲ್ಲಿ ನನ್ನದು, ಪೈಪು ಮಾವನದು. ನೀರು ಸೋರುವುದು ಯಾವಾಗಲೂ ನಲ್ಲಿ ಪೈಪಿಗೆ ಸೇರುವ ಜಾಗದಲ್ಲಿ. ಇದನ್ನು ಬರೆದವರು ಜೀವಮಾನದಲ್ಲಿ ಒಂದು ನಲ್ಲಿಯನ್ನೂ ಬಿಚ್ಚಿಲ್ಲವೆಂದು ನನ್ನ ಗುಮಾನಿ.

ಅದಕ್ಕೇ ನಾನೊಂದು ಸಿದ್ಧಾಂತ ಕಟ್ಟಿದೆ. ನೆಲದ ಮೇಲೆ ನಿಂತು ಕೈಗೆ ಸಿಗುವುದೆಲ್ಲ ಇರುವವನ ಖರ್ಚು. ಏಣಿ ಬೇಕಾಗುವುದೆಲ್ಲ ಮಾಲೀಕನ ಖರ್ಚು. ಎಷ್ಟು ಸರಳ, ಎಷ್ಟು ನ್ಯಾಯ! ಹೆಂಡತಿಗೆ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. "ಬಲ್ಬು ಬದಲಾಯಿಸೋಕೆ ಏಣಿ ಬೇಕು. ಅದಕ್ಕೂ ಅಮೆರಿಕಕ್ಕೆ ಫೋನ್ ಮಾಡ್ತೀರಾ?" ಎಂದಳು. ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಆದರೆ ಏಣಿ ಹತ್ತಲೇಬೇಕಾದ ದಿನ ಬಂತು. ಮನೆಯ ಮುಂಭಾಗ ಹಳೆಯ ಮದ್ರಾಸ್ ತಾರಸಿ: ಸಾಲಾಗಿ ಮರದ ಜಂತೆ, ಅದರ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರಿನ ಗಚ್ಚು. ಒಳ್ಳೆಯ ಕೆಲಸ, ಬೇಸಿಗೆಯಲ್ಲಿ ತಂಪು. ಆದರೆ ಅದಕ್ಕೆ ಸುಣ್ಣದ ಗಾರೆಯಲ್ಲೇ ತೇಪೆ ಹಾಕಬಲ್ಲ ಮೇಸ್ತ್ರಿ ಈಗ ಸಿಗುವುದು ಕಷ್ಟ. ಸಿಗುವವರೆಲ್ಲ ಸಿಮೆಂಟು ಬಳಿಯುವವರು. ಸಿಮೆಂಟು ಬಿಗಿ, ಸುಣ್ಣ ಮೃದು, ಎರಡಕ್ಕೂ ಹೊಂದಿಕೆಯಾಗದೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಮಳೆಗೆ ಅಷ್ಟೇ ಸಾಕು. ರೋಹಿಣಿ ಮಳೆ ಹಿಡಿದ ವಾರ ನಡುಮನೆಯ ಚಾವಣಿಯಲ್ಲಿ ಮೊದಲು ಹಪ್ಪಳದಗಲ ಕಲೆ, ಆಮೇಲೆ ಅದು ತಟ್ಟೆಯಗಲ, ಆಮೇಲೆ ತೊಟ್ಟಿಕ್ಕುವ ಸದ್ದು. ಕೆಳಗೆ ಮೊದಲು ಚೊಂಬು ಇಟ್ಟೆವು, ನಂತರ ಬಕೆಟ್ಟು.

ಈ ಸುದ್ದಿಯನ್ನು ಮಾವನಿಗೆ ಮುಟ್ಟಿಸುವ ಕಲೆಯ ಬಗ್ಗೆ ಒಂದು ಗ್ರಂಥ ಬರೆಯಬಹುದು. ನೇರವಾಗಿ "ತಾರಸಿ ಸೋರ್ತಿದೆ, ದುಡ್ಡು ಕಳಿಸಿ" ಎನ್ನುವಂತಿಲ್ಲ. ಮೊದಲು ಮಳೆಯ ವರ್ಣನೆ. "ಈ ಸಲ ಒಳ್ಳೇ ಮಳೆ ಮಾವ, ಕೆಆರ್‌ಎಸ್ ತುಂಬೋ ಹಾಗಿದೆ." ಅವರಿಗೆ ಸಂತೋಷ. ಆಮೇಲೆ ಅವರ ಮಂಡಿ ನೋವು, ಅತ್ತೆಯ ಹೊಸ ಕನ್ನಡಕ, ಮೊಮ್ಮಗಳ ಭರತನಾಟ್ಯ. ನಡುವೆ ಎಲ್ಲೋ ಒಂದು ಕಡೆ, ತೀರಾ ನೆನಪಾದ ಹಾಗೆ, "ಅಂದ್ಹಾಗೆ ನಡುಮನೆ ಮೇಲೆ ಸ್ವಲ್ಪ ತೇವ ಕಾಣ್ತಿದೆ."

ಆ ಕಡೆ ಒಂದು ನಿಶ್ಶಬ್ದ. ಅದು ಏಳು ಸಮುದ್ರದ ದೂರದಿಂದ ಬರುವ ತಡವೇ ಇರಬಹುದು.

"ನಾವಿದ್ದಾಗ ಸೋರ್ತಿರ್ಲಿಲ್ವಲ್ಲೋ."

ಜಗತ್ತಿನ ಎಲ್ಲ ಮನೆ ಮಾಲೀಕರೂ, ಭಾಷೆ ಯಾವುದಾದರೂ ಇರಲಿ, ಈ ವಾಕ್ಯ ಹೇಳಿಯೇ ಹೇಳುತ್ತಾರೆ. ಅವರಿದ್ದಾಗ ಸೋರುತ್ತಿರಲಿಲ್ಲ, ಅವರಿದ್ದಾಗ ಇಲಿ ಇರಲಿಲ್ಲ, ಅವರಿದ್ದಾಗ ಬಾವಿಯ ನೀರು ಎಳನೀರಿನಷ್ಟು ಸಿಹಿ. ಎದುರು ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರು ನನ್ನ ಹೆಂಡತಿಗೆ ಹೇಳಿದ್ದು ಬೇರೆಯೇ: "ನಿಮ್ಮತ್ತೆ ಮಳೆಗಾಲದಲ್ಲಿ ನಡುಮನೆ ತುಂಬ ಪಾತ್ರೆ ಹರವ್ತಿದ್ರು ಕಣಮ್ಮಾ, ನಾನೇ ಎರಡು ತಪ್ಪಲೆ ಎರವಲು ಕೊಟ್ಟಿದ್ದೆ." ಇದನ್ನು ಫೋನಿನಲ್ಲಿ ಹೇಳುವುದಕ್ಕಾಗುತ್ತದೆಯೇ? ಹೇಳಲಿಲ್ಲ.

ಆಮೇಲೆ ಮಾವನ ಎರಡನೆಯ ಮಾತು. "ಹೋಗ್ಲಿ, ನಿಂಗೆ ಹ್ಯಾಗೆ ಅನುಕೂಲವೋ ಹಾಗೆ ಮಾಡ್ಸಿಬಿಡು. ಎಷ್ಟಾದ್ರೂ ನಿನ್ನ ಮನೇನೇ ಅನ್ಕೋ." ರಿಪೇರಿಯ ಮಾತು ಬಂದಾಗ ಮನೆ ಪ್ರತಿಸಲವೂ ನನ್ನದಾಗುತ್ತದೆ. ಸೋರುವ ಅಷ್ಟು ಹೊತ್ತು ಮಾತ್ರ. ಖಾತೆ, ಕಂದಾಯದ ರಸೀದಿ, ಪಕ್ಕದ ನಿವೇಶನ ಎಷ್ಟಕ್ಕೆ ಹೋಯಿತು, ಇವುಗಳ ಮಾತಿಗೆ ಬಂದ ತಕ್ಷಣ ಮನೆ ಮಾವನದು. ಒಮ್ಮೊಮ್ಮೆ ಒಂದೇ ಫೋನ್ ಕರೆಯಲ್ಲಿ ಮನೆ ಮೂರು ಸಲ ಕೈ ಬದಲಾಯಿಸುತ್ತದೆ, ನೋಂದಣಿ ಶುಲ್ಕವೇ ಇಲ್ಲದೆ.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ವಕೀಲರೊಬ್ಬರಿದ್ದಾರೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗಿನಲ್ಲಿ ಸಿಗುತ್ತಾರೆ. ಫೀಜು ಇಲ್ಲದ ಸಲಹೆ ಕೇಳುವುದಾದರೆ ವಾಕಿಂಗೇ ಸರಿಯಾದ ಸಮಯ, ಯಾಕೆಂದರೆ ಅವರಿಗೆ ಏದುಸಿರು. ಹೆಚ್ಚು ಹೆದರಿಸುವುದಕ್ಕೆ ಆಗುವುದಿಲ್ಲ. ತಾರಸಿಯ ಕಥೆ ಹೇಳಿದೆ.

"ಬಾಡಿಗೆ ಕೊಡ್ತೀರಾ?"

"ಇಲ್ಲ."

"ಹಾಗಾದ್ರೆ ನೀವು ಬಾಡಿಗೆದಾರರಲ್ಲ. ನೀವು ಲೈಸೆನ್ಸೀ."

ನಾನು ಎದೆ ಉಬ್ಬಿಸಿದೆ. ಅವರು ಇಳಿಸಿದರು. ಸ್ವತ್ತು ವರ್ಗಾವಣೆ ಕಾಯಿದೆ, ಅನುಭೋಗದ ಕಾಯಿದೆ, ಎರಡೂ 1882ರಲ್ಲೇ ಬಂದವು. ಮೊದಲನೆಯದು ಬಾಡಿಗೆದಾರನಿಗೆ ಒಂದು ಅಸ್ತ್ರ ಕೊಟ್ಟಿದೆ: ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಡಿಗೆಯೇ ಸೊನ್ನೆಯಾದರೆ ಎಲ್ಲಿ ಮುರಿದುಕೊಳ್ಳುವುದು? ಸೊನ್ನೆಯಿಂದ ತಾರಸಿ ರಿಪೇರಿಯ ಹದಿನೆಂಟು ಸಾವಿರ ಕಳೆದರೆ ಉಳಿಯುವುದು ನನ್ನ ಮುಖ. ಎರಡನೆಯ ಕಾಯಿದೆಯ ಪ್ರಕಾರ ನನ್ನದು ಬರೀ ಅನುಮತಿ. ಮಾವ ಬೇಡವೆಂದ ದಿನ ಮುಗಿಯಿತು. ಗಂಟುಮೂಟೆ ಕಟ್ಟಿಕೊಳ್ಳುವಷ್ಟು ಕಾಲಾವಕಾಶ ಕೊಡಬೇಕು, ಅಷ್ಟೆ.

"ಆದ್ರೆ ಒಂದಿದೆ" ಎಂದು ವಕೀಲರು ನಿಂತು ಉಸಿರು ತಿರುಗಿಸಿಕೊಂಡರು. ಅನುಮತಿಯನ್ನು ನಂಬಿ ಸ್ವಂತ ಖರ್ಚಿನಲ್ಲಿ ಶಾಶ್ವತ ಸ್ವರೂಪದ ಕಟ್ಟಡ ಕೆಲಸ ಮಾಡಿಸಿದವನ ಅನುಮತಿಯನ್ನು ಹಾಗೆ ಕಿತ್ತುಕೊಳ್ಳುವಂತಿಲ್ಲ ಎಂದು ಅದೇ ಕಾಯಿದೆಯ 60ನೆಯ ಕಲಮು ಹೇಳುತ್ತದಂತೆ. ಸುಣ್ಣ ಬಳಿಸಿದ್ದು, ನಲ್ಲಿ ಹಾಕಿಸಿದ್ದು ಅದರಲ್ಲಿ ಬರುವುದಿಲ್ಲ. ಇಡೀ ತಾರಸಿ ತೆಗೆಸಿ ಆರ್‌ಸಿಸಿ ಹಾಕಿಸಿದರೆ? "ವಾದ ಮಾಡ್ಬಹುದು" ಎಂದರು. ವಕೀಲರ ಬಾಯಲ್ಲಿ ಈ ಎರಡು ಪದ ಬಂದರೆ ಹತ್ತು ವರ್ಷ ಎಂದರ್ಥ.

ಆಗ ನನಗೆ ನಮ್ಮ ನೆಂಟರಿಷ್ಟರ ನಡವಳಿಕೆಯೆಲ್ಲ ಹೊಳೆಯಿತು. ಮಾವ ಬಾಡಿಗೆ ಬೇಡವೆಂದದ್ದು ಪ್ರೀತಿಗೆ ಹೌದು, ಆದರೆ ಬರೀ ಪ್ರೀತಿಗಲ್ಲ. ಬಾಡಿಗೆ ತೆಗೆದುಕೊಂಡರೆ ಅಕ್ಕನ ಮಗ ಬಾಡಿಗೆದಾರನಾಗುತ್ತಾನೆ, ಬಾಡಿಗೆದಾರನಾದರೆ ಏಳಿಸುವುದು ಕಷ್ಟ. ಗಟ್ಟಿ ರಿಪೇರಿ ಮಾಡಿಸಲು ಬಿಟ್ಟರೆ ಇನ್ನೂ ಕಷ್ಟ. ಹಾಗೆಂದು ತಾವೇ ಮಾಡಿಸಿದರೆ ಖರ್ಚು. ಆದ್ದರಿಂದ ಸೋರಲಿ, ಆದರೆ ತೇಪೆಯ ಮೇಲೆ ನಿಂತಿರಲಿ. ಇದರ ಮೇಲೆ ಹನ್ನೆರಡು ವರ್ಷದ ಭೂತ ಬೇರೆ. ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಅವನದೇ ಆಗುತ್ತದೆ ಎಂದು ಪ್ರತಿ ಮದುವೆ ಮನೆಯಲ್ಲೂ ಒಬ್ಬರು ದೊಡ್ಡಪ್ಪ ಮಾವನ ಕಿವಿ ಊದುತ್ತಾರೆ. ಅವರ ಕಾನೂನು ಅರ್ಧ ಬೆಂದದ್ದು. ಮಾಲೀಕನ ವಿರುದ್ಧ, ಅವನ ಹಕ್ಕನ್ನೇ ಅಲ್ಲಗಳೆದು ಕೂತವನಿಗೆ ಆ ಹನ್ನೆರಡು ವರ್ಷ. ಅವನ ಅನುಮತಿಯಿಂದ ಕೂತವನಿಗಲ್ಲ. ಗೋವಾದಲ್ಲಿ ಸೋದರಿಯ ಮನೆಯಲ್ಲಿದ್ದ ಸೋದರನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ: ಬಿಟ್ಟಿಯಾಗಿ ಇರಲು ಬಿಟ್ಟ ನೆಂಟನಾಗಲಿ, ಮೇಲ್ವಿಚಾರಕನಾಗಲಿ, ಆಳಾಗಲಿ ಎಷ್ಟು ದೀರ್ಘಕಾಲ ಇದ್ದರೂ ಆ ಸ್ವತ್ತಿನ ಮೇಲೆ ಹಕ್ಕು ಬರುವುದಿಲ್ಲ. ಮೇಲ್ವಿಚಾರಕ, ಆಳು, ನೆಂಟ, ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ವಾಕ್ಯವನ್ನು ಕೇಳಿ ನನಗೆ ಸ್ವಲ್ಪ ನೋವಾಯಿತು. ಆದರೂ ಮಾವನ ಸಮಾಧಾನಕ್ಕಾಗಿ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ದೊಡ್ಡಪ್ಪ ಹೆಬ್ಬೆರಳು ಎತ್ತಿದರು. ಮಾವ ಏನೂ ಹೇಳಲಿಲ್ಲ. ಇವನು ಇದನ್ನೆಲ್ಲ ಯಾಕೆ ಓದುತ್ತಿದ್ದಾನೆ ಎಂದು ಅವರಿಗೆ ಹೊಸ ಗಾಬರಿ.

ಅದೇ 1882ರ ಕಾಯಿದೆಯ 57ನೆಯ ಕಲಮು ನನಗೆ ಬಹಳ ಇಷ್ಟ. ಮನೆಯಲ್ಲಿ ಇರುವವನ ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂಥ ದೋಷವಿದ್ದು, ಅದು ಮಾಲೀಕನಿಗೆ ಗೊತ್ತಿದ್ದು ಇವನಿಗೆ ಗೊತ್ತಿಲ್ಲದಿದ್ದರೆ, ಮಾಲೀಕ ಅದನ್ನು ಹೇಳಲೇಬೇಕು. ಬಾಡಿಗೆ ಇರಲಿ ಬಿಡಲಿ. ಈ ಕಲಮು ದ್ವಾಪರದಲ್ಲಿ ಇದ್ದಿದ್ದರೆ ದುರ್ಯೋಧನ ಸಿಕ್ಕಿಹಾಕಿಕೊಳ್ಳುತ್ತಿದ್ದ. ವಾರಣಾವತದ ಅರಗಿನ ಮನೆಗಿಂತ ಹೆಸರಾಂತ ಬಿಟ್ಟಿ ಮನೆ ಯಾವುದಿದೆ? ದಾಯಾದಿಗಳು ಕಟ್ಟಿಸಿಕೊಟ್ಟದ್ದು, ಹೊಸದು, ಬಾಡಿಗೆಯಿಲ್ಲ, ನೋಡಿಕೊಳ್ಳಲು ಪುರೋಚನ ಬೇರೆ. ಗೋಡೆಯಲ್ಲಿ ಅರಗು ತುಪ್ಪ ಎಲ್ಲ ಇದೆಯೆಂಬ ದೋಷವನ್ನು ಮಾತ್ರ ಯಾರೂ ತಿಳಿಸಲಿಲ್ಲ. ತಿಳಿಸಿದವನು ವಿದುರ, ಅದೂ ಒಗಟಿನಲ್ಲಿ. ನೆಂಟರ ಮನೆಯ ದೋಷವನ್ನು ನೇರವಾಗಿ ಹೇಳಬಾರದೆಂಬ ಸಂಪ್ರದಾಯ ಆಗಲೇ ಇತ್ತೆಂದಾಯಿತು. ಪಾಂಡವರು ಮಾಡಿದ ರಿಪೇರಿ ನೋಡಿ: ಮಾಲೀಕನನ್ನು ಕೇಳದೆ ನೆಲ ಅಗೆಸಿ ಸುರಂಗ ತೋಡಿಸಿದರು. ಶಾಶ್ವತ ಸ್ವರೂಪದ ಕೆಲಸ, ಖರ್ಚು ವಿದುರನ ಕಡೆಯದು. ಆಮೇಲೆ ಭೀಮ ಮನೆಗೇ ಬೆಂಕಿ ಹಚ್ಚಿದ. ನನ್ನ ಹೆಂಡತಿಗೆ ಈ ಭಾಗ ಬಹಳ ಹಿಡಿಸುತ್ತದೆ, ಮಳೆಗಾಲದಲ್ಲಂತೂ.

ಇನ್ನು ತೆಂಗಿನ ಮರ. ಹಿತ್ತಲಲ್ಲಿ ನಾಲ್ಕಿವೆ. ಕಾಯಿ ಯಾರದು? ಇರುವವರು ತಿನ್ನುವುದು ಸಹಜ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆದರೆ ಚಿಕ್ಕಮ್ಮ ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ತಲೆ ಎತ್ತಿ ಗೊನೆ ಎಣಿಸುತ್ತಾರೆ. "ಈ ರೇಟಿಗೆ ಕಾಯಿ ಕೊಳ್ಳೋ ಹಾಗಿಲ್ಲ, ನಿಂಗೇನಪ್ಪ!" ಎಂದು ಹೋಗುವಾಗ ಒಂದು ಚೀಲ ಒಯ್ಯುತ್ತಾರೆ. ಮರ ಹತ್ತುವವನ ಕೂಲಿ ಯಾರೂ ಎಣಿಸುವುದಿಲ್ಲ. ಹಿತ್ತಲ ಕಡೆಯ ಅಡುಗೆಮನೆಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗ ಅಲ್ಲೇನು ತೆಂಗಿಗೆ ಬರವಿತ್ತೇ? ಆದರೂ ಒಣಕಾಯಿ ಬಿದ್ದರೆ ತಡೆಯುವ ಹೆಂಚು ಅವರಿಗೂ ಮಾಡಲಾಗಲಿಲ್ಲ. ಕಾಯಿ ಬೀಳುತ್ತದೆ, ಹೆಂಚು ಒಡೆಯುತ್ತದೆ. ಕಾಯಿ ನನಗೆ ಲಾಭವಾದರೆ ಹೆಂಚು ನನಗೆ ನಷ್ಟವಾಗಬೇಕು, ನ್ಯಾಯವೇ. ಚಿಕ್ಕಮ್ಮನ ಚೀಲದಲ್ಲಿ ಹೋದ ಕಾಯಿಗಳ ಪಾಲಿನ ಹೆಂಚುಗಳನ್ನು ಯಾರ ಲೆಕ್ಕಕ್ಕೆ ಬರೆಯಲಿ?

ಸರ್ಕಾರಕ್ಕೂ ನಾವು ಯಾರೆಂದು ಸರಿಯಾಗಿ ತಿಳಿದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ, 200 ಯೂನಿಟ್‌ವರೆಗೆ ಕರೆಂಟು ಬಿಟ್ಟಿ ಎಂದಾಗ, ನಾನೂ ಆಧಾರ್ ಕಾರ್ಡು, ಆರ್‌ಆರ್ ನಂಬರು ಹಿಡಿದು ಸಾಲಿನಲ್ಲಿ ನಿಂತೆ. ಆರ್‌ಆರ್ ನಂಬರು ಇನ್ನೂ ತಾತನ ಹೆಸರಲ್ಲಿದೆ. ತಾತ ತೀರಿಕೊಂಡು ಬಹಳ ಕಾಲವಾಯಿತು. ಕಂಪ್ಯೂಟರಿನ ಮುಂದೆ ಕೂತ ಹುಡುಗ "ಓನರ್ರಾ, ಟೆನೆಂಟಾ?" ಎಂದ. ಓನರು ತಾತ, ತಾತ ಇಲ್ಲ, ತಾತನ ಮಗ ಅಮೆರಿಕದಲ್ಲಿ, ನಾನು ತಾತನ ಮಗಳ ಮಗ, ಬಾಡಿಗೆ ಕೊಡುವುದಿಲ್ಲ ಎಂದು ವಂಶಾವಳಿ ಬಿಡಿಸತೊಡಗಿದೆ. ಹಿಂದಿದ್ದವರು ಗೊಣಗಿದರು. ಹುಡುಗ ಒಂದು ಕಡೆ ಒತ್ತಿ "ಆಯ್ತು ಹೋಗಿ ಸಾರ್" ಎಂದ. ಅವನು ನನ್ನನ್ನು ಏನೆಂದು ಬರೆದುಕೊಂಡನೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಿಲ್ಲು ಮಾತ್ರ ಸೊನ್ನೆ ಬಂತು. ಬಿಟ್ಟಿ ಮನೆಯಲ್ಲಿ ಬಿಟ್ಟಿ ಕರೆಂಟು ಎಂದು ದೊಡ್ಡಪ್ಪ ಅದನ್ನೂ ಗುಂಪಿನಲ್ಲಿ ಹಾಕಿದರು.

ಡಿಸೆಂಬರಿನಲ್ಲಿ ಮಾವ ಬರುತ್ತಾರೆ. ನಿಜವಾಗಿ ಒಳ್ಳೆಯ ಮನುಷ್ಯ. ಮಕ್ಕಳಿಗೆ ಚಾಕಲೇಟು, ನನಗೊಂದು ಶರ್ಟು, ಹೆಂಡತಿಗೆ ಬಾದಾಮಿಯ ದೊಡ್ಡ ಪೊಟ್ಟಣ. ಕಾಫಿ ಕುಡಿದು ಲೋಟ ಇಟ್ಟ ಮೇಲೆ ಕೈ ಹಿಂದೆ ಕಟ್ಟಿಕೊಂಡು ಮನೆಯೆಲ್ಲ ಒಂದು ಸುತ್ತು ಹೊರಡುತ್ತಾರೆ. ಅವರ ಹಿಂದೆ ನಾನು, ನನ್ನ ಹಿಂದೆ ಹೆಂಡತಿ, ಅವಳ ಹಿಂದೆ ಬೆಕ್ಕು. ಮಾಡಿಸಿದ್ದು ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ತಾರಸಿಗೆ ಬಳಿಸಿದ ವಾಟರ್‌ಪ್ರೂಫಿಂಗು, ಹೊಸ ಸಂಪಿನ ಮುಚ್ಚಳ, ಸುಟ್ಟು ಬದಲಾಯಿಸಿದ ಮೇನ್ ಸ್ವಿಚ್ಚು, ಇವೆಲ್ಲ ಸೃಷ್ಟಿಯ ಮೊದಲಿಂದ ಹಾಗೇ ಇದ್ದವೆಂದು ಅವರ ನಂಬಿಕೆ. ಆದರೆ ಕಳೆದ ಸಲ ಮೂಲೆ ಕೋಣೆಯ ಮುಂದೆ ಅವರು ಗಕ್ಕನೆ ನಿಂತರು.

"ಆ ಕಿಟಕಿ ತೆಗ್ಸಿಬಿಟ್ಯಾ?"

"ಗೆದ್ದಲು ಹಿಡಿದಿತ್ತು ಮಾವ. ಮುಟ್ಟಿದ್ರೆ ಹಿಟ್ಟು ಉದುರ್ತಿತ್ತು."

"ತೇಗ ಕಣೋ ಅದು! ಅಪ್ಪ ದಾಂಡೇಲಿಯಿಂದ ತರ್ಸಿದ್ದು. ತೇಗಕ್ಕೆ ಗೆದ್ದಲು ಹಿಡಿಯತ್ತಾ?"

ಬಲಿತ ತೇಗಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ, ನಿಜ. ಗೆದ್ದಲು ಪೂರಾ ತಿಂದಿತ್ತೆಂದರೆ ಅದು ತೇಗವಾಗಿರಲಿಕ್ಕಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ತಾತನಿಗೆ ಯಾರೋ ಮತ್ತಿ ಮರ ಕೊಟ್ಟು ತೇಗದ ದುಡ್ಡು ಎಣಿಸಿಕೊಂಡಿದ್ದರೆಂದು ಹೇಳಿದಂತೆ. ಒಂದು ಕಿಟಕಿಗಾಗಿ ತಾತನ ಜಾಣತನವನ್ನು ಪಣಕ್ಕಿಡುವುದೇ? "ಹೌದು ಮಾವ, ತಪ್ಪಾಯ್ತು, ಕೇಳ್ಬೇಕಿತ್ತು" ಎಂದು ಗೆದ್ದಲಿನ ಪರವಾಗಿ ಒಪ್ಪಿಕೊಂಡೆ. ಅತ್ತೆ ಮಾತ್ರ ಹೆಂಡತಿಯ ಕಿವಿಯಲ್ಲಿ "ನಾ ಮದುವೆಯಾಗಿ ಬಂದಾಗ್ಲೇ ಅದು ಲೊಡಲೊಡ ಅಂತಿತ್ತು ಬಿಡು" ಎಂದರಂತೆ. ಅತ್ತೆಯರು ನ್ಯಾಯಾಧೀಶರಾಗದೆ ಇರುವುದು ಈ ದೇಶದ ನಷ್ಟ.

ಆ ಸಂಜೆ ನಾನು ಧೈರ್ಯ ಮಾಡಿದೆ. "ಮಾವ, ನಾನು ಇಷ್ಟು ಅಂತ ಬಾಡಿಗೆ ಕೊಟ್ಬಿಡ್ತೀನಿ. ಕಡಿಮೇನೇ ಇರ್ಲಿ. ದೊಡ್ಡ ರಿಪೇರಿ ಅದ್ರಲ್ಲೇ ಆಗ್ಲಿ" ಎಂದೆ. ಮನಸ್ಸಿನಲ್ಲಿದ್ದದ್ದು ಬೇರೆ. ತಿಂಗಳಿಗೆ ನೂರು ರೂಪಾಯಿಯಾದರೂ ಸರಿ, ಕೊಟ್ಟರೆ ಒಮ್ಮೆಯಾದರೂ ಹಿತ್ತಲಲ್ಲಿ ನಿಂತು ಈ ಮನೆಯನ್ನು, ಇದರ ತಾರಸಿಯನ್ನು, ಇದರ ಮಾಲೀಕನನ್ನು ಎದುರು ಮನೆಯ ಅಜ್ಜಿಯ ಹತ್ತಿರ ಬಾಯಿತುಂಬ ಬೈಯಬಹುದಲ್ಲ ಎಂಬ ಆಸೆ.

ಮಾವ ಬೆಚ್ಚಿಬಿದ್ದರು. "ಛೆ ಛೆ! ನಿನ್ನತ್ರ ಬಾಡಿಗೇನಾ? ಅಕ್ಕ ಮೇಲಿಂದ ನೋಡಿದ್ರೆ ಏನನ್ಕೋತಾಳೆ!" ಕಣ್ಣಲ್ಲಿ ನೀರೂ ಬಂತು. ಅಕ್ಕನ ನೆನಪು ಅರ್ಧ, ಬಾಡಿಗೆದಾರನ ಭಯ ಅರ್ಧ. ನಾನು ಸುಮ್ಮನಾದೆ.

ಅವರು ವಾಪಸು ಹೋದ ಮೇಲೆ ಒಂದು ಇಮೇಲು ಬಂತು. ದೊಡ್ಡಪ್ಪನ ಸ್ನೇಹಿತರಾದ ವಕೀಲರು ಬರೆದ ಕರಾರಿನ ಕರಡು. "ಎಲ್ಲಾ ಸುಮ್ನೆ ಫಾರ್ಮಾಲಿಟಿ, ಬೇಜಾರು ಮಾಡ್ಕೋಬೇಡ" ಎಂದು ಮಾವನ ಒಂದು ಸಾಲು. ಕರಡಿನಲ್ಲಿ ನಾನು ಎರಡನೆಯ ಪಾರ್ಟಿ, ಮೇಲ್ವಿಚಾರಕ. ಸದರಿ ಸ್ವತ್ತಿನ ಮೇಲೆ ಯಾವ ಹಕ್ಕೂ ಇರತಕ್ಕದ್ದಲ್ಲ. ಕೇಳಿದ ಕೂಡಲೇ ತೆರವು ಮಾಡತಕ್ಕದ್ದು. ಸಣ್ಣಪುಟ್ಟ ರಿಪೇರಿಗಳನ್ನು ಎರಡನೆಯ ಪಾರ್ಟಿಯೇ ನಿರ್ವಹಿಸತಕ್ಕದ್ದು. ದೊಡ್ಡ ರಿಪೇರಿಗಳನ್ನು ಉಭಯ ಪಾರ್ಟಿಗಳು ಪರಸ್ಪರ ಪ್ರೀತಿ ವಿಶ್ವಾಸದಿಂದ ಬಗೆಹರಿಸಿಕೊಳ್ಳತಕ್ಕದ್ದು. ಸಣ್ಣದು ಎಷ್ಟರವರೆಗೆ, ದೊಡ್ಡದು ಎಲ್ಲಿಂದ ಎಂದು ನಾಲ್ಕು ಪುಟವನ್ನೂ ತಿರುವಿಹಾಕಿದೆ. ಇರಲಿಲ್ಲ.

ಹೆಂಡತಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಇದನ್ನ ಛಾಪಾ ಕಾಗದದ ಮೇಲೆ ಮಾಡಿಸ್ಬೇಕಂತಲ್ಲ" ಎಂದಳು. "ಆ ಖರ್ಚು ಸಣ್ಣದರಲ್ಲಿ ಬರತ್ತೋ, ದೊಡ್ಡದರಲ್ಲೋ?"